ಎಳೆಗೂಸಿನ ರಕ್ತದಲ್ಲಿ ನಂಜು: ಓದುಗರ ಪ್ರಶ್ನೆ, ವೈದ್ಯರ ಉತ್ತರ

ನವಜಾತ ಶಿಶುಗಳ ರಕ್ತದ ಸೋಂಕಿನ ಬಗ್ಗೆ, ಅದರಲ್ಲಿಯೂ ಅದನ್ನು ಪತ್ತೆ ಹಚ್ಚುವ ಪರೀಕ್ಷೆಗಳ ಬಗ್ಗೆ ಬಂದಿರುವ ಪತ್ರಗಳಿಗೆ ಈ ಸಂಚಿಕೆಯ ಅಂಕಣವನ್ನು ಮೀಸಲಿಟ್ಟಿದ್ದೇನೆ. ಹೆಚ್ಚಿನವು ಎನ್.ಐ.ಸಿ.ಯು. (ನವಜಾತ ಶಿಶುಗಳ ತೀವ್ರ ನಿಗಾ ಘಟಕ) ಬಾಗಿಲ ಹೊರಗೆ ಕಾದು ಕುಳಿತಿದ್ದವರು ಬರೆದ ಪತ್ರಗಳು. ಬರೆದವರ ಹೆಸರು, ಊರುಗಳನ್ನು ಕೈಬಿಟ್ಟು, ಅರ್ಥ ಕೆಡದಂತೆ ಪತ್ರಗಳನ್ನು ಚಿಕ್ಕದಾಗಿಸಿದ್ದೇನೆ.

ಪ್ರಶ್ನೆ: ನನ್ನ ಮಗಳು ಹುಟ್ಟಿದ ಐದನೆಯ ದಿನ ಹಾಲು ಕುಡಿಯುವುದನ್ನು ಕಡಿಮೆ ಮಾಡಿದಳು. ಜ್ವರವಿರಲಿಲ್ಲ, ಮೈ ಸ್ವಲ್ಪ ತಣ್ಣಗಿತ್ತು. ‘ಜ್ವರವಿಲ್ಲವಲ್ಲ, ಮಲಗಲಿ ಬಿಡು’ ಎಂದು ಮನೆಯವರೆಲ್ಲ ಹೇಳಿದರು. ಮರುದಿನ ಆಸ್ಪತ್ರೆಗೆ ಕರೆದೊಯ್ದಾಗ ರಕ್ತದಲ್ಲಿ ಸೋಂಕು ಎಂದರು. ಈಗ ಗುಣವಾಗಿದ್ದಾಳೆ. ಜ್ವರವೇ ಇಲ್ಲದೆ ಸೋಂಕು ಹೇಗೆ? ನಾನು ಏನನ್ನು ಗಮನಿಸಬೇಕಿತ್ತು?

ಉತ್ತರ: ಮಗಳು ಗುಣವಾಗಿದ್ದಾಳೆ ಎಂದು ಓದಿ ಸಮಾಧಾನವಾಯಿತು. ನಿಮ್ಮ ಮನೆಯವರನ್ನೂ ನಿಮ್ಮನ್ನೂ ದೂರಿಕೊಳ್ಳಬೇಡಿ. ಸೋಂಕು ಎಂದರೆ ಜ್ವರ ಎಂಬ ದೊಡ್ಡವರ ಲೆಕ್ಕವನ್ನೇ ಅವರು ಮಗುವಿಗೂ ಹಾಕಿದರು. ಆದರೆ ಹುಟ್ಟಿ ಇಪ್ಪತ್ತೆಂಟು ದಿನ ತುಂಬದ ಕೂಸಿನ ವಿಷಯದಲ್ಲಿ ಆ ಲೆಕ್ಕ ತಪ್ಪುತ್ತದೆ. ಅದರ ರೋಗನಿರೋಧಕ ಶಕ್ತಿ ಇನ್ನೂ ಎಳೆಯದು, ಮೈಯ ಶಾಖವನ್ನು ಹಿಡಿದಿಟ್ಟುಕೊಳ್ಳುವ ಶಕ್ತಿಯೂ ಕಡಿಮೆ. ಹೀಗಾಗಿ ರಕ್ತದಲ್ಲಿ ಬ್ಯಾಕ್ಟೀರಿಯಾ ಹರಡುತ್ತಿರುವಾಗ ಕೆಲವು ಮಕ್ಕಳಿಗೆ ಜ್ವರ ಬರುತ್ತದೆ. ಇನ್ನು ಕೆಲವರ ಮೈ, ಅದರಲ್ಲಿಯೂ ದಿನ ತುಂಬದೆ ಹುಟ್ಟಿದವರ ಮೈ, ತಣ್ಣಗಾಗುತ್ತದೆ. ಬಟ್ಟೆ ಹೊದಿಸಿದರೂ, ಎದೆಗೆ ಅಪ್ಪಿಕೊಂಡರೂ ಕೈಕಾಲು ಬಿಸಿಯೇರದ ಮಗುವನ್ನು ಜ್ವರ ಬಂದ ಮಗುವಿನಷ್ಟೇ ಗಂಭೀರವಾಗಿ ನೋಡಬೇಕು.

ನೀವು ಗಮನಿಸಬೇಕಾದದ್ದನ್ನು ಗಮನಿಸಿಯೇ ಇದ್ದಿರಿ: ಹಾಲು ಕುಡಿಯುವುದು ಕಡಿಮೆಯಾದದ್ದು. ಮೊದಲ ಸುಳಿವು ಬಹಳ ಸಲ ಸಿಗುವುದೇ ಅಲ್ಲಿ. ನಿನ್ನೆಯವರೆಗೆ ಮೊಲೆ ಹಿಡಿದರೆ ಬಿಡದಿದ್ದ ಮಗು ಇವತ್ತು ಎರಡು ಮೂರು ಸಲ ಚೀಪಿ ಬಿಟ್ಟುಬಿಡುತ್ತದೆ. ಬಾಯಲ್ಲಿ ನಿಂತ ಹಾಲು ನುಂಗದೆ ಕಟವಾಯಿಯಿಂದ ಇಳಿಯುತ್ತದೆ. ಅಂಗಾಲು ತಟ್ಟಿದರೆ ಮುಖ ಸಿಂಡರಿಸಿ ಮತ್ತೆ ಮಂಪರಿಗೆ ಜಾರುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯು ಎರಡು ತಿಂಗಳೊಳಗಿನ ಮಕ್ಕಳಿಗೆಂದು ಪಟ್ಟಿ ಮಾಡಿರುವ ಅಪಾಯದ ಚಿಹ್ನೆಗಳನ್ನು ಗುರುತಿಸಲು ಒಂದು ಥರ್ಮಾಮೀಟರು ಮತ್ತು ಒಂದು ಗಡಿಯಾರ ಇದ್ದರೆ ಸಾಕು: ಸರಿಯಾಗಿ ಹಾಲು ಕುಡಿಯದಿರುವುದು, ಫಿಟ್ಸ್ ಬರುವುದು, ನಿಮಿಷಕ್ಕೆ 60 ಅಥವಾ ಅದಕ್ಕಿಂತ ಹೆಚ್ಚು ಸಲ ಉಸಿರಾಡುವುದು, ಉಸಿರೆಳೆದಾಗ ಎದೆಯ ಕೆಳಭಾಗ ಆಳವಾಗಿ ಒಳಕ್ಕೆ ಹೋಗುವುದು, ಮೈ ಶಾಖ 38 ಡಿಗ್ರಿ ಸೆಲ್ಸಿಯಸ್ ಮುಟ್ಟುವುದು ಅಥವಾ 35.5 ಡಿಗ್ರಿಗಿಂತ ಕೆಳಗಿಳಿಯುವುದು, ಮುಟ್ಟಿ ಎಬ್ಬಿಸಿದರೆ ಮಾತ್ರ ಅಲುಗಾಡುವುದು. ಇವುಗಳಲ್ಲಿ ಒಂದೇ ಒಂದು ಕಂಡರೂ ಅದೇ ದಿನ, ಅದೇ ಹೊತ್ತಿಗೆ ಮಗುವನ್ನು ವೈದ್ಯರಿಗೆ ತೋರಿಸಬೇಕು. ಉಸಿರನ್ನು ಎಣಿಸುವಾಗ ಮಗು ಅಳದೆ ಇರಲಿ, ಪೂರ್ತಿ ಒಂದು ನಿಮಿಷ ಎಣಿಸಿ, ಹೆಚ್ಚು ಬಂದರೆ ಇನ್ನೊಮ್ಮೆ ಎಣಿಸಿ. ಏಕೆಂದರೆ ಆರೋಗ್ಯವಂತ ಕೂಸು ಕೂಡ ಸ್ವಲ್ಪ ಹೊತ್ತು ಬೇಗ ಬೇಗ ಉಸಿರಾಡಿ ಆಮೇಲೆ ನಿಧಾನಿಸುವುದುಂಟು.

‘ಮಗು ನಿನ್ನೆ ಇದ್ದ ಹಾಗಿಲ್ಲ ಡಾಕ್ಟರೇ’ ಎಂದು ತಾಯಿ ಹೇಳಿದರೆ ನಾನು ಅದನ್ನು ಕೇಸ್ ಶೀಟಿನಲ್ಲಿ ಅವರ ಮಾತಿನಲ್ಲೇ ಬರೆದುಕೊಳ್ಳುತ್ತೇನೆ. ಪ್ರಯೋಗಾಲಯದ ಯಾವ ವರದಿಗಿಂತಲೂ ಮೊದಲು ಕೈಗೆ ಬರುವ ಮಾಹಿತಿ ಅದು.

ಪ್ರಶ್ನೆ: ಹೆರಿಗೆ ನೋವಿನಲ್ಲಿದ್ದಾಗ ನನಗೆ ಜ್ವರ ಬಂದಿತ್ತು, ನೀರು ಒಡೆದು ಒಂದು ದಿನವೇ ಕಳೆದಿತ್ತು. ಮಗ ಹುಟ್ಟಿದಾಗ ಚೆನ್ನಾಗಿಯೇ ಇದ್ದ. ಆದರೂ ಎರಡು ದಿನ ಸಿಸ್ಟರ್‌ಗಳು ಮತ್ತೆ ಮತ್ತೆ ಬಂದು ನೋಡುತ್ತಿದ್ದರು. ಔಷಧ ಮಾತ್ರ ಕೊಡಲಿಲ್ಲ. ಅನುಮಾನವಿದ್ದರೆ ಔಷಧವನ್ನೇ ಕೊಡಬಹುದಿತ್ತಲ್ಲವೆ?

ಉತ್ತರ: ಹುಟ್ಟಿದ 72 ಗಂಟೆಯೊಳಗೆ ಕಾಣಿಸಿಕೊಳ್ಳುವ ಸೋಂಕು ಸಾಮಾನ್ಯವಾಗಿ ತಾಯಿಯಿಂದ, ಹೆರಿಗೆಯ ಹಾದಿಯಿಂದ ಬಂದಿರುತ್ತದೆ, ಆಮೇಲೆ ಬರುವುದು ಹೆಚ್ಚಾಗಿ ಸುತ್ತಲಿನ ಕೈಗಳಿಂದ, ನಳಿಕೆಗಳಿಂದ, ಸಲಕರಣೆಗಳಿಂದ ಬರುತ್ತದೆ. ನೀರು ಒಡೆದು 18 ಗಂಟೆ ದಾಟುವುದು, ತಾಯಿಗೆ ಜ್ವರ ಬರುವುದು, ದಿನ ತುಂಬುವ ಮುನ್ನ ಹೆರಿಗೆಯಾಗುವುದು, ತಾಯಿಯಲ್ಲಿ ಗ್ರೂಪ್ ಬಿ ಸ್ಟ್ರೆಪ್ಟೋಕಾಕಸ್ ಎಂಬ ಬ್ಯಾಕ್ಟೀರಿಯಾ ಇರುವುದು ಮೊದಲ ಬಗೆಯ ಸೋಂಕಿನ ಸಾಧ್ಯತೆಯನ್ನು ಹೆಚ್ಚಿಸುತ್ತವೆ. ಆದರೆ ಇವು ಸಾಧ್ಯತೆಗಳೇ ಹೊರತು ರೋಗವಲ್ಲ. ಇಂಥ ತಾಯಂದಿರ ಮಕ್ಕಳಲ್ಲಿ ಬಹುಪಾಲು ಸೋಂಕಿಲ್ಲದೆ ಬೆಳೆಯುತ್ತವೆ. ಈ ಅಂಶಗಳನ್ನೂ, ಹೆರಿಗೆಗೆ ಮುನ್ನ ತಾಯಿಗೆ ಆ್ಯಂಟಿಬಯಾಟಿಕ್ ಸಿಕ್ಕಿತ್ತೇ ಎಂಬುದನ್ನೂ, ಮಗು ಈಗ ಹೇಗಿದೆ ಎಂಬುದನ್ನೂ ಒಟ್ಟಿಗೆ ತೂಗಿ ಅಪಾಯದ ಪ್ರಮಾಣವನ್ನು ಅಂದಾಜಿಸುವ ಲೆಕ್ಕಪಟ್ಟಿಯೊಂದನ್ನು ಅಮೆರಿಕದ ಕೈಸರ್ ಪರ್ಮನೆಂಟೆ ಸಂಸ್ಥೆಯ ಸಂಶೋಧಕರು ರೂಪಿಸಿದ್ದಾರೆ. ಅದನ್ನು ಬಳಸಿದ ಆಸ್ಪತ್ರೆಗಳಲ್ಲಿ ಸುಮ್ಮಸುಮ್ಮನೆ ಆ್ಯಂಟಿಬಯಾಟಿಕ್ ಪಡೆಯುವ ಮಕ್ಕಳ ಸಂಖ್ಯೆ ಇಳಿದಿದೆ. ನಿಮ್ಮ ಮಗನಿಗೆ ಮಾಡಿದ್ದು ಬರೀ ಕಾಯುವ ಕೆಲಸವಲ್ಲ. ಉಸಿರು, ಎದೆಬಡಿತ, ಮೈಬಣ್ಣ, ಶಾಖ, ಹಾಲು ಕುಡಿಯುವ ಬಗೆಯನ್ನು ಕಟ್ಟುನಿಟ್ಟಾಗಿ ಮತ್ತೆ ಮತ್ತೆ ನೋಡಿ ಬರೆದಿಡುವುದೂ ಒಂದು ಪರೀಕ್ಷೆಯೇ.

ಪ್ರಶ್ನೆ: ನಮ್ಮ ಮಗುವಿಗೆ ಮೂರನೆಯ ದಿನ ಉಸಿರಾಟದ ತೊಂದರೆ ಶುರುವಾಯಿತು. ಮೊದಲು ತೆಗೆದ ರಕ್ತದಲ್ಲಿ ಸಿ.ಆರ್.ಪಿ. 4 ಇತ್ತು, ನಾರ್ಮಲ್ ಎಂದರು. ಮರುದಿನ 38 ಎಂದರು. ಬಿಳಿ ರಕ್ತಕಣಗಳ ಸಂಖ್ಯೆ 18,000 ಇದ್ದರೂ ಅದು ಚಿಂತೆಯಲ್ಲ ಎಂದರು. ಮೊದಲ ವರದಿಯೇ ತಪ್ಪಾಗಿತ್ತೆ? ಒಂದೇ ಪರೀಕ್ಷೆಯಲ್ಲಿ ಖಚಿತವಾಗಿ ಹೇಳಲು ಆಗುವುದಿಲ್ಲವೆ?

ಉತ್ತರ: ಎರಡೂ ವರದಿಗಳು ಸರಿ. ತಂದೆಯಾಗಿ ನಿಮಗೆ ಬೇಕಿದ್ದದ್ದು ‘ಹೌದು’ ಅಥವಾ ‘ಇಲ್ಲ’ ಎಂಬ ಒಂದು ಉತ್ತರ. ಅದನ್ನು ಆ ಕ್ಷಣಕ್ಕೆ ಕೊಡಬಲ್ಲ ಪರೀಕ್ಷೆ ಇಂದಿಗೂ ಇಲ್ಲ.

ಸಿ.ಆರ್.ಪಿ. ಎಂಬುದು ಯಕೃತ್ತು ತಯಾರಿಸುವ ಒಂದು ಪ್ರೋಟೀನು. 1930ರಲ್ಲಿ ಟಿಲೆಟ್ ಮತ್ತು ಫ್ರಾನ್ಸಿಸ್ ಎಂಬ ವಿಜ್ಞಾನಿಗಳು ನ್ಯುಮೋಕಾಕಸ್ ಎಂಬ ಬ್ಯಾಕ್ಟೀರಿಯಾದ ಸೋಂಕು ತಗುಲಿದವರ ರಕ್ತದಲ್ಲಿ ಇದನ್ನು ಗುರುತಿಸಿದರು. ಸೋಂಕು ಶುರುವಾದೊಡನೆ ಇದು ಏರುವುದಿಲ್ಲ. ಬ್ಯಾಕ್ಟೀರಿಯಾ ರಕ್ತಕ್ಕೆ ಇಳಿಯಬೇಕು, ಮೈ ಅದನ್ನು ಗುರುತಿಸಿ ಯಕೃತ್ತಿಗೆ ಸಂದೇಶ ಕಳಿಸಬೇಕು, ಯಕೃತ್ತು ಪ್ರೋಟೀನನ್ನು ತಯಾರಿಸಬೇಕು; ಇಷ್ಟಾಗಲು ಆರರಿಂದ ಹನ್ನೆರಡು ಗಂಟೆ ಹಿಡಿಯುತ್ತದೆ, ಮಟ್ಟ ತುತ್ತತುದಿ ಮುಟ್ಟಲು ಒಂದೂವರೆ ಎರಡು ದಿನ ಬೇಕು. ನಿಮ್ಮ ಮಗುವಿನ ಮೊದಲ ರಕ್ತ ತೆಗೆದದ್ದು ಉಸಿರಾಟದ ತೊಂದರೆ ಆಗಷ್ಟೇ ಶುರುವಾದ ಹೊತ್ತಿನಲ್ಲಿ. ಹತ್ತರ ಒಳಗಿನ ಸಂಖ್ಯೆಯನ್ನು ಸಾಮಾನ್ಯ ಎಂದು ಎಣಿಸುವುದು ವಾಡಿಕೆ. ಆದರೆ ಮೊದಲ ಗಂಟೆಗಳ ನಾಲ್ಕು ಎಂಬ ಸಂಖ್ಯೆ ಸೋಂಕಿಲ್ಲ ಎನ್ನುವುದಕ್ಕೆ ಸಾಕ್ಷಿಯಾಗದು. ಇದರ ನಿಜವಾದ ಉಪಯೋಗವಿರುವುದು ಇಪ್ಪತ್ತನಾಲ್ಕು ಗಂಟೆಗಳ ಅಂತರದಲ್ಲಿ ಎರಡು ಸಲ ಅಳೆದಾಗ: ಎರಡು ಸಲವೂ ಕೆಳಗೇ ಇದ್ದು ಮಗುವೂ ಚೆನ್ನಾಗಿದ್ದರೆ ರಕ್ತದ ಸೋಂಕಿನ ಸಾಧ್ಯತೆ ಬಹಳ ಕಡಿಮೆ. ಏರಿದ್ದರೆ ಮಾತ್ರ ಅಷ್ಟು ಸುಲಭವಾಗಿ ತೀರ್ಮಾನಿಸಲಾಗದು, ಏಕೆಂದರೆ ಹೆರಿಗೆಯ ಆಯಾಸ, ಮಗು ಹೊಟ್ಟೆಯೊಳಗೇ ಮಲ ಕಲೆತ ನೀರನ್ನು ಶ್ವಾಸಕೋಶಕ್ಕೆ ಎಳೆದುಕೊಳ್ಳುವುದು, ಶಸ್ತ್ರಚಿಕಿತ್ಸೆ ಮುಂತಾದವೂ ಸಿ.ಆರ್.ಪಿ.ಯನ್ನು ಏರಿಸುತ್ತವೆ. ಪ್ರೋಕ್ಯಾಲ್ಸಿಟೋನಿನ್ ಎಂಬ ಇನ್ನೊಂದು ಪರೀಕ್ಷೆ ಇದಕ್ಕಿಂತ ಬೇಗ ಏರುತ್ತದೆ ನಿಜ; ಆದರೆ ಹುಟ್ಟಿದ ಮೊದಲ ಎರಡು ದಿನ ಅದು ಆರೋಗ್ಯವಂತ ಮಕ್ಕಳಲ್ಲಿಯೂ ತಾನಾಗಿಯೇ ಏರಿ ಇಳಿಯುವುದರಿಂದ ಗಂಟೆಗಳ ಲೆಕ್ಕವಿಟ್ಟು ಓದಬೇಕಾಗುತ್ತದೆ.

ಬಿಳಿ ರಕ್ತಕಣ 18,000 ಎಂದರೆ ದೊಡ್ಡವರಲ್ಲಿ ನಾವು ಎಚ್ಚರಗೊಳ್ಳುತ್ತೇವೆ. ಹುಟ್ಟಿದ ಮೊದಲ ದಿನ 30,000 ಕೂಡ ಸಹಜವಾಗಿರಬಹುದು, ಆಮೇಲೆ ಅದು ಇಳಿಯುತ್ತಾ ಬರುತ್ತದೆ. ಹಸುಗೂಸುಗಳಲ್ಲಿ ಸಂಖ್ಯೆ ಏರುವುದಕ್ಕಿಂತ ಇಳಿಯುವುದೇ, ಅಂದರೆ 5,000ಕ್ಕಿಂತ ಕೆಳಗೆ ಹೋಗುವುದೇ, ಹೆಚ್ಚು ಆತಂಕದ ಸಂಗತಿ. ಜೊತೆಗೆ, ಮೂಳೆಯ ಮಜ್ಜೆ ಅವಸರದಲ್ಲಿ ಹೊರಗೆ ಕಳಿಸಿದ ಎಳೆಯ ನ್ಯೂಟ್ರೋಫಿಲ್ ಕಣಗಳು (ಬಿಳಿ ರಕ್ತಕಣಗಳ ಒಂದು ಬಗೆ) ಒಟ್ಟು ನ್ಯೂಟ್ರೋಫಿಲ್‌ಗಳ ಐದರಲ್ಲಿ ಒಂದು ಪಾಲನ್ನು ಮೀರಿದ್ದರೆ ಸಂಶಯ ಬಲವಾಗುತ್ತದೆ. ಅಲ್ಲಿಯೂ ವಿನಾಯಿತಿಗಳಿವೆ: ತಾಯಿಗೆ ಬಸುರಿಯಲ್ಲಿ ರಕ್ತದೊತ್ತಡ ಏರಿದ್ದರೆ ಸೋಂಕಿಲ್ಲದ ಮಗುವಿನಲ್ಲಿಯೂ ನ್ಯೂಟ್ರೋಫಿಲ್ ಕಡಿಮೆಯಿರಬಹುದು. ರಕ್ತ ಹೆಪ್ಪುಗಟ್ಟಲು ನೆರವಾಗುವ ಪ್ಲೇಟ್‌ಲೆಟ್ ಕಣಗಳು ಇಳಿಯುವುದು ತಡವಾಗಿ, ಅದಕ್ಕಾಗಿ ಕಾಯುವಂತಿಲ್ಲ. ಹೀಗೆ ಒಂದೊಂದು ಪರೀಕ್ಷೆಯೂ ಅರ್ಧ ಮಾತು ಆಡುತ್ತದೆ. ಅವನ್ನು ಮಗುವಿನ ಪಕ್ಕದಲ್ಲಿ ನಿಂತು ಓದಬೇಕೇ ಹೊರತು ಕಾಗದದ ಮೇಲೆ ಮಾತ್ರವಲ್ಲ.

ಪ್ರಶ್ನೆ: ನಾನು ಚಿಕ್ಕ ಆಸ್ಪತ್ರೆಯೊಂದರಲ್ಲಿ ನರ್ಸ್. ನಾವು ಕಳಿಸುವ ಬ್ಲಡ್ ಕಲ್ಚರ್‌ಗಳು (ರಕ್ತವನ್ನು ಬಾಟಲಿಯಲ್ಲಿಟ್ಟು ಬ್ಯಾಕ್ಟೀರಿಯಾ ಬೆಳೆಯುತ್ತದೆಯೇ ಎಂದು ನೋಡುವ ಪರೀಕ್ಷೆ) ಹೆಚ್ಚಾಗಿ ‘ಬೆಳವಣಿಗೆ ಇಲ್ಲ’ ಎಂದೇ ಬರುತ್ತವೆ, ಬೆಳೆದರೆ ‘ಚರ್ಮದ ಬ್ಯಾಕ್ಟೀರಿಯಾ ಇರಬಹುದು’ ಎಂದು ಬರುತ್ತದೆ. ಎಳೆಯ ಮಕ್ಕಳಿಂದ ರಕ್ತ ತೆಗೆಯುವುದೇ ಕಷ್ಟ, ಅರ್ಧ ಎಂ.ಎಲ್. ಸಿಕ್ಕರೆ ಹೆಚ್ಚು. ಇದರಿಂದ ನಿಜವಾಗಿ ಪ್ರಯೋಜನವಿದೆಯೆ?

ಉತ್ತರ: ಸಿಸ್ಟರ್, ಈ ತಿಂಗಳ ಪತ್ರಗಳಲ್ಲಿ ಬಹು ಮುಖ್ಯವಾದುದು ನಿಮ್ಮದು. ಪ್ರಯೋಜನ ಖಂಡಿತ ಇದೆ. ಯಾವ ಬ್ಯಾಕ್ಟೀರಿಯಾ, ಅದಕ್ಕೆ ಯಾವ ಔಷಧ ನಾಟುತ್ತದೆ ಎಂಬೆರಡನ್ನೂ ಪೂರ್ತಿಯಾಗಿ ಹೇಳಬಲ್ಲ ಪರೀಕ್ಷೆ ಕಲ್ಚರ್ ಒಂದೇ. ಆದರೆ ಅದರ ಬೆಲೆ ಪ್ರಯೋಗಾಲಯದಲ್ಲಿ ನಿರ್ಧಾರವಾಗುವುದಕ್ಕಿಂತ ಹೆಚ್ಚಾಗಿ ಮಗುವಿನ ಹಾಸಿಗೆಯ ಪಕ್ಕದಲ್ಲಿ, ನಿಮ್ಮ ಕೈಯಲ್ಲಿ ನಿರ್ಧಾರವಾಗುತ್ತದೆ.

ಮೊದಲು ಪ್ರಮಾಣದ ಮಾತು. ಸೋಂಕು ತಗುಲಿದ ಎಷ್ಟೋ ಕೂಸುಗಳಲ್ಲಿ ಒಂದು ಎಂ.ಎಲ್. ರಕ್ತಕ್ಕೆ ಬೆರಳೆಣಿಕೆಯಷ್ಟೇ ಬ್ಯಾಕ್ಟೀರಿಯಾ ಇರುತ್ತವೆ. ಅರ್ಧ ಎಂ.ಎಲ್. ತೆಗೆದರೆ ಅದರಲ್ಲಿ ಒಂದೂ ಬಾರದೆ ಹೋಗಬಹುದು. ಆಗ ವರದಿ ‘ಬೆಳವಣಿಗೆ ಇಲ್ಲ’ ಎನ್ನುತ್ತದೆ, ಮಗುವಿನ ಮೈಯಲ್ಲಿ ಸೋಂಕು ಉಳಿದೇ ಇರುತ್ತದೆ. ಆದ್ದರಿಂದಲೇ ಕನಿಷ್ಠ ಒಂದು ಎಂ.ಎಲ್. ಬೇಕೆನ್ನುವುದು. ಇಷ್ಟು ರಕ್ತ ತೆಗೆಯಲು ಕೈ ಹಿಂಜರಿಯುತ್ತದೆ ಎಂಬುದನ್ನು ಬಲ್ಲೆ. ಒಂದು ಕಿಲೋ ತೂಕದ ಮಗುವಿನ ಮೈಯಲ್ಲಿರುವ ರಕ್ತ ಸುಮಾರು 90 ಎಂ.ಎಲ್., ಒಂದು ಸಣ್ಣ ಲೋಟಕ್ಕೂ ಕಡಿಮೆ. ಅದರಲ್ಲಿ ಒಂದು ಎಂ.ಎಲ್. ಎಂದರೆ ನೂರರಲ್ಲಿ ಒಂದು ಪಾಲಿಗಿಂತ ತುಸು ಹೆಚ್ಚು. ಆ ಒಂದು ಪಾಲನ್ನು ಮಗು ತಡೆದುಕೊಳ್ಳುತ್ತದೆ. ಅರ್ಧ ಪಾಲು ತೆಗೆದು ಸಿಕ್ಕ ಸುಳ್ಳು ಭರವಸೆಯನ್ನು ತಡೆದುಕೊಳ್ಳುವುದು ಕಷ್ಟ. ನಾಳ ಸಿಗದ ಮಗುವಿಗೆ ಹೊಕ್ಕುಳಿನ ನಳಿಕೆಯನ್ನು ಆಗಷ್ಟೇ ಶುದ್ಧ ಕ್ರಮದಲ್ಲಿ ಹಾಕಿದ್ದರೆ ಅದರಿಂದಲೇ ತೆಗೆಯಬಹುದು. ಹಿಮ್ಮಡಿ ಚುಚ್ಚಿ ಹಿಂಡಿದ ರಕ್ತವನ್ನು ಮಾತ್ರ ಕಲ್ಚರ್‌ಗೆ ಬಳಸಬೇಡಿ.

ಇನ್ನು ಚರ್ಮದ ಬ್ಯಾಕ್ಟೀರಿಯಾದ ತೊಡಕು. ಚುಚ್ಚುವ ಜಾಗಕ್ಕೆ ಕ್ಲೋರ್‌ಹೆಕ್ಸಿಡಿನ್‌ನಂಥ ದ್ರಾವಣ ಹಚ್ಚಿದ ಮೇಲೆ ಅದು ತಾನಾಗಿ ಒಣಗಬೇಕು. ಮಗು ಅಳುತ್ತಿರುವಾಗ ಅರ್ಧ ನಿಮಿಷವೂ ದೀರ್ಘವೆನಿಸುತ್ತದೆ, ಆದರೂ ಊದದೆ, ಒರೆಸದೆ ಕಾಯಿರಿ. ದ್ರಾವಣ ಕೆಲಸ ಮಾಡುವುದೇ ಒಣಗುವ ಆ ಹೊತ್ತಿನಲ್ಲಿ. (ತೀರ ಅವಧಿಪೂರ್ವ ಮಕ್ಕಳ ಚರ್ಮ ಇದರಿಂದ ಸುಡಬಹುದಾದ್ದರಿಂದ ಅವರಿಗೆ ಯಾವ ದ್ರಾವಣ, ಎಷ್ಟು ಎಂಬುದನ್ನು ನಿಮ್ಮ ವೈದ್ಯರೊಂದಿಗೆ ಮೊದಲೇ ನಿಶ್ಚಯಿಸಿಕೊಳ್ಳಿ.) ಒಣಗಿದ ಮೇಲೆ ನಾಳವನ್ನು ಮತ್ತೆ ಬೆರಳಿನಿಂದ ಮುಟ್ಟಿ ನೋಡುವುದು ಎಲ್ಲರೂ ಮಾಡುವ ತಪ್ಪು, ನಾನೂ ಮಾಡಿದ್ದೇನೆ. ಬಾಟಲಿಯ ರಬ್ಬರ್ ಮುಚ್ಚಳವೂ ಕ್ರಿಮಿಮುಕ್ತವಲ್ಲ, ಅದನ್ನು ಸ್ಪಿರಿಟ್‌ನಿಂದ ಒರೆಸಿ ಒಣಗಲು ಬಿಡಿ. ರಕ್ತ ತುಂಬಿದ ಬಾಟಲಿಯನ್ನು ಫ್ರಿಜ್‌ನಲ್ಲಿ ಇಡಬಾರದು. ಎಲ್ಲಕ್ಕಿಂತ ಮೇಲಾಗಿ, ಮೊದಲ ಡೋಸ್ ಆ್ಯಂಟಿಬಯಾಟಿಕ್‌ಗೆ ಮುಂಚೆ ರಕ್ತ ತೆಗೆಯಿರಿ; ಆದರೆ ಮಗುವಿನ ಸ್ಥಿತಿ ಕೆಡುತ್ತಿದ್ದು ರಕ್ತ ಸಿಗದೇ ಹೋದರೆ ಅದಕ್ಕಾಗಿ ಔಷಧವನ್ನು ತಡೆಯಬೇಡಿ.

ಚರ್ಮದಲ್ಲಿ ವಾಸಿಸುವ ಸ್ಟೆಫೈಲೋಕಾಕಸ್ ಬೆಳೆದಾಗಲೆಲ್ಲ ಅದನ್ನು ಕೊಳೆ ಎಂದು ತಳ್ಳಿಹಾಕುವಂತೆಯೂ ಇಲ್ಲ. ವಾರಗಟ್ಟಲೆ ನಳಿಕೆ ಹಾಕಿಸಿಕೊಂಡು ಮಲಗಿರುವ ಅವಧಿಪೂರ್ವ ಶಿಶುವಿನಲ್ಲಿ ನಿಜವಾದ ಸೋಂಕು ಬಹಳ ಸಲ ಅದರಿಂದಲೇ ಆಗುತ್ತದೆ. ಬೇರೆ ಜಾಗದಿಂದ ಇನ್ನೊಂದು ಬಾಟಲಿ ತೆಗೆದು, ಎರಡರಲ್ಲಿಯೂ ಅದೇ ಬೆಳೆಯಿತೇ, ಎಷ್ಟು ಬೇಗ ಬೆಳೆಯಿತು ಎಂದು ನೋಡಬೇಕಾಗುತ್ತದೆ.

ಪ್ರಶ್ನೆ: ಅನುಮಾನದ ಮೇಲೆ ನಮ್ಮ ಮಗುವಿಗೆ ಆ್ಯಂಟಿಬಯಾಟಿಕ್ ಶುರು ಮಾಡಿ, ಎರಡೇ ದಿನಕ್ಕೆ ‘ಕಲ್ಚರ್ ನೆಗೆಟಿವ್’ ಎಂದು ನಿಲ್ಲಿಸಿಬಿಟ್ಟರು. ಕೋರ್ಸ್ ಪೂರ್ತಿ ಮಾಡದಿದ್ದರೆ ಅಪಾಯ ಎಂದು ಕೇಳಿದ್ದೇವೆ. ವರದಿ ಐದು ದಿನಕ್ಕೆ ತಾನೇ ಬರುವುದು?

ಉತ್ತರ: ಮಗು ಚೆನ್ನಾಗಿದ್ದರೆ ಅವರು ಮಾಡಿದ್ದು ಸರಿ. ಈಗಿನ ಕಲ್ಚರ್ ಯಂತ್ರಗಳು ಬಾಟಲಿಯನ್ನು ಮೈಯ ಶಾಖದಲ್ಲಿಟ್ಟು, ಬ್ಯಾಕ್ಟೀರಿಯಾ ಬೆಳೆದಾಗ ಹೊರಬರುವ ಇಂಗಾಲದ ಡೈಆಕ್ಸೈಡನ್ನು ಹಗಲೂ ರಾತ್ರಿ ನಿಮಿಷಗಳ ಅಂತರದಲ್ಲಿ ಗಮನಿಸುತ್ತಿರುತ್ತವೆ. ರೋಗ ತರುವ ಬ್ಯಾಕ್ಟೀರಿಯಾ ಇದ್ದರೆ ಯಂತ್ರ ಬಹುಪಾಲು 24ರಿಂದ 36 ಗಂಟೆಯೊಳಗೆ ಎಚ್ಚರಿಸುತ್ತದೆ. ಐದು ದಿನ ಇಡುವುದು ನಿಧಾನವಾಗಿ ಬೆಳೆಯುವ ಅಪರೂಪದವುಗಳಿಗಾಗಿ. ಹಾಗಾಗಿ 36ರಿಂದ 48 ಗಂಟೆ ಕಳೆದರೂ ಏನೂ ಬೆಳೆಯದೆ, ರಕ್ತವನ್ನು ಸಾಕಷ್ಟು ತೆಗೆದಿದ್ದು, ಮಗು ಹಾಲು ಕುಡಿಯುತ್ತಾ ಚಟುವಟಿಕೆಯಿಂದಿದ್ದರೆ ಔಷಧ ನಿಲ್ಲಿಸುವುದೇ ಸರಿಯಾದ ಕ್ರಮ. ಕೋರ್ಸ್ ಪೂರ್ತಿ ಮಾಡಬೇಕೆಂಬ ಮಾತು ರೋಗವಿದ್ದವರಿಗೆ ಹೇಳಿದ್ದು. ಇಲ್ಲಿ ತೀರ್ಮಾನವಾದದ್ದು ರೋಗವಿಲ್ಲ ಎಂದು.

ಇದನ್ನು ಒತ್ತಿ ಹೇಳಲು ಕಾರಣವಿದೆ. ‘ಇರಲಿ, ಒಂದು ವಾರ ಕೊಟ್ಟುಬಿಡೋಣ’ ಎಂಬುದು ಸುಲಭವಾದ ತೀರ್ಮಾನ, ಆದರೆ ಅದು ಮಗುವಿಗೆ ಪುಕ್ಕಟೆಯಲ್ಲ. ಹುಟ್ಟಿದ ಮೊದಲ ದಿನಗಳಲ್ಲಿ ಕರುಳಿನಲ್ಲಿ ನೆಲೆಯೂರಬೇಕಾದ ಒಳ್ಳೆಯ ಬ್ಯಾಕ್ಟೀರಿಯಾಗಳು ಅಳಿಯುತ್ತವೆ, ಔಷಧಕ್ಕೆ ಬಗ್ಗದವು ಉಳಿಯುತ್ತವೆ. ಅವಧಿಪೂರ್ವ ಮಕ್ಕಳಲ್ಲಿ ಕಾರಣವಿಲ್ಲದೆ ಬಹಳ ದಿನ ಆ್ಯಂಟಿಬಯಾಟಿಕ್ ಪಡೆದವರಿಗೆ ಕರುಳು ಕೊಳೆಯುವ ಕಾಯಿಲೆ, ಶಿಲೀಂಧ್ರದ ಸೋಂಕು ಹೆಚ್ಚಾಗಿ ಕಂಡುಬಂದಿವೆ. ಕಲ್ಚರ್‌ನಲ್ಲಿ ಏನೂ ಬೆಳೆಯದಿದ್ದರೂ ಮಗುವಿನ ಸ್ಥಿತಿ ಮಾತ್ರ ಸುಧಾರಿಸದೆ ಇದ್ದಾಗ ಔಷಧ ಮುಂದುವರಿಸುವುದುಂಟು. ಆಗಲೂ ಹೃದಯದ ದೋಷ, ಶ್ವಾಸಕೋಶದ ತೊಂದರೆ, ರಕ್ತದ ಸಕ್ಕರೆ ಇಳಿದಿರುವುದು, ಹುಟ್ಟಿನಿಂದ ಬಂದ ಚಯಾಪಚಯ ದೋಷ, ವೈರಸ್ ಸೋಂಕು, ಇವೆಲ್ಲ ಸೋಂಕಿನ ವೇಷದಲ್ಲಿ ಬರುತ್ತವೆ ಎಂಬುದನ್ನು ಮರೆಯದೆ ಹುಡುಕಬೇಕು.

ಪ್ರಶ್ನೆ: ಕೆಲವೇ ಗಂಟೆಗಳಲ್ಲಿ ಬ್ಯಾಕ್ಟೀರಿಯಾವನ್ನು ಹಿಡಿಯುವ ಪಿ.ಸಿ.ಆರ್. ಇರುವಾಗ ಕಲ್ಚರ್‌ಗೆ ದಿನಗಟ್ಟಲೆ ಏಕೆ ಕಾಯಬೇಕು?

ಉತ್ತರ: ಪಿ.ಸಿ.ಆರ್. ಹುಡುಕುವುದು ಬ್ಯಾಕ್ಟೀರಿಯಾದ ಡಿ.ಎನ್.ಎ.ಯನ್ನು. ಅದು ಬೇಗ ಉತ್ತರ ಕೊಡುತ್ತದೆ, ಔಷಧ ಶುರುವಾದ ಮೇಲೂ ಕೆಲಸಕ್ಕೆ ಬರುತ್ತದೆ. ಆದರೆ ಸತ್ತ ಬ್ಯಾಕ್ಟೀರಿಯಾದ ಡಿ.ಎನ್.ಎ.ಯನ್ನೂ ಅದು ಹಿಡಿಯುತ್ತದೆ, ತನ್ನ ಪಟ್ಟಿಯಲ್ಲಿಲ್ಲದ್ದನ್ನು ಬಿಟ್ಟುಬಿಡಬಹುದು, ಯಾವ ಔಷಧ ನಾಟುತ್ತದೆ ಎಂಬುದನ್ನು ಪೂರ್ತಿಯಾಗಿ ಹೇಳಲಾರದು. ಸದ್ಯಕ್ಕೆ ಅದು ಕಲ್ಚರ್‌ನ ಜೊತೆಗಾರ, ಬದಲಿಯಲ್ಲ.

ಪ್ರಶ್ನೆ: ನನ್ನ ಮೊಮ್ಮಗನಿಗೆ ಹನ್ನೆರಡು ದಿನ. ರಕ್ತದಲ್ಲಿ ಸೋಂಕು ಇದೆ ಎಂದು ಖಚಿತವಾಗಿದೆ. ಈಗ ಬೆನ್ನಿಗೆ ಸೂಜಿ ಹಾಕಿ ನೀರು ತೆಗೆಯಬೇಕು ಎನ್ನುತ್ತಿದ್ದಾರೆ. ಮಗ ಸೊಸೆ ಒಪ್ಪಿದ್ದಾರೆ, ನನಗೆ ಮಾತ್ರ ಧೈರ್ಯವಿಲ್ಲ. ಕಾಲು ಬಿದ್ದುಹೋದರೆ? ಸೋಂಕು ಗೊತ್ತಾದ ಮೇಲೆ ಇದೇಕೆ?

ಉತ್ತರ: ಅಮ್ಮಾ, ಈ ಭಯ ಎಷ್ಟೋ ಮನೆಗಳಲ್ಲಿದೆ, ಆದ್ದರಿಂದ ಬಿಡಿಸಿ ಹೇಳುತ್ತೇನೆ. ಎಳೆಯ ಮಕ್ಕಳ ಬೆನ್ನುಹುರಿ ಸೊಂಟದ ಮೂರನೆಯ ಮೂಳೆಯ ಆಸುಪಾಸಿನಲ್ಲಿ ಮುಗಿಯುತ್ತದೆ. ಸೂಜಿ ಹಾಕುವುದು ಅದಕ್ಕಿಂತ ಕೆಳಗೆ, ಹುರಿ ಇಲ್ಲದೆ ನರಗಳ ಎಳೆಗಳು ನೀರಿನಲ್ಲಿ ತೇಲುತ್ತಿರುವ ಜಾಗದಲ್ಲಿ. ಇದರಿಂದ ಕಾಲು ಬೀಳುತ್ತದೆ ಎಂಬ ಭಯಕ್ಕೆ ಆಧಾರವಿಲ್ಲ. ಸಿಸ್ಟರ್ ಒಬ್ಬರು ಮಗುವನ್ನು ಬೆನ್ನು ಬಾಗಿಸಿ ಹಿಡಿದಿರುತ್ತಾರೆ, ಉಸಿರಿಗೆ ತೊಂದರೆಯಾಗದಂತೆ ಕತ್ತನ್ನು ಬಾಗಿಸದೆ ಬಿಡುತ್ತಾರೆ. ನೋವು ತಿಳಿಯದಿರಲೆಂದು ನಾಲಿಗೆಯ ಮೇಲೆ ಸಕ್ಕರೆ ನೀರಿನ ಒಂದೆರಡು ತೊಟ್ಟು ಬಿಡುತ್ತಾರೆ. ತೆಗೆಯುವುದು ಕೆಲವೇ ಹನಿ. ಹನಿ ತಿಳಿಯಾಗಿದೆಯೇ, ಮಸುಕಾಗಿದೆಯೇ ಎಂಬುದು ಅಲ್ಲಿಯೇ ಕಣ್ಣಿಗೆ ಕಾಣುತ್ತದೆ. ಮಗುವಿನ ಉಸಿರಾಟ ಸ್ಥಿರವಾಗಿಲ್ಲದಿದ್ದರೆ, ಪ್ಲೇಟ್‌ಲೆಟ್ ತೀರ ಕಡಿಮೆಯಿದ್ದರೆ ವೈದ್ಯರೇ ಇದನ್ನು ಮುಂದೂಡುತ್ತಾರೆ.

ಏಕೆ ಬೇಕು ಎಂದರೆ, ರಕ್ತದಲ್ಲಿರುವ ಬ್ಯಾಕ್ಟೀರಿಯಾ ಮಿದುಳಿನ ಪೊರೆಗೆ ದಾಟುವ ಅಪಾಯ ಈ ವಯಸ್ಸಿನಲ್ಲಿ ಹೆಚ್ಚು. ದಾಟಿದರೂ ದೊಡ್ಡವರಂತೆ ಕತ್ತು ಬಿಗಿಯುವುದಿಲ್ಲ, ತಲೆನೋವು ಎಂದು ಹೇಳಲು ಬಾಯಿಲ್ಲ. ಮಗುವನ್ನು ನೋಡಿ ಅದನ್ನು ಗುರುತಿಸುವುದು ಅನುಭವಸ್ಥರಿಗೂ ಸಾಧ್ಯವಾಗದಿರಬಹುದು. ಅದು ಗೊತ್ತಾದರೆ ಚಿಕಿತ್ಸೆಯೇ ಬದಲಾಗುತ್ತದೆ: ಔಷಧದ ಪ್ರಮಾಣ ಹೆಚ್ಚಬೇಕು, ಮಿದುಳಿನ ನೀರಿಗೆ ಇಳಿಯಬಲ್ಲ ಔಷಧವನ್ನೇ ಆರಿಸಬೇಕು, ಬ್ಯಾಕ್ಟೀರಿಯಾ ಯಾವುದೆಂಬುದನ್ನು ನೋಡಿಕೊಂಡು 14 ದಿನ, ಕೆಲವಕ್ಕೆ 21 ದಿನ ಕೊಡಬೇಕು. ಗೊತ್ತಾಗದೆ ಕಡಿಮೆ ದಿನ ಕೊಟ್ಟು ಮನೆಗೆ ಕಳಿಸಿದರೆ ಸೋಂಕು ಮರುಕಳಿಸಬಹುದು. ಇಂದೇ ಒಪ್ಪಿಗೆ ಕೊಡಿ. ವರದಿಯಲ್ಲಿ ಮಿದುಳಿನ ಪೊರೆಯ ಸೋಂಕು ಎಂದು ಬಂದರೆ, ಮೊಮ್ಮಗನನ್ನು ಮನೆಗೆ ಕರೆದೊಯ್ಯುವ ಮುನ್ನ ಅಥವಾ ನಂತರದ ಕೆಲವೇ ವಾರಗಳಲ್ಲಿ ಕಿವಿ ಕೇಳಿಸುವ ಪರೀಕ್ಷೆ ಮಾಡಿಸಲು ನೀವೇ ನೆನಪಿಸಿ. ಮನೆಗೆ ಹೋಗುವ ಸಂಭ್ರಮದಲ್ಲಿ ಅದು ತಪ್ಪಿಹೋಗುವುದನ್ನು ಕಂಡಿದ್ದೇನೆ.